ರಸ್ತೆಗೆ ಸುರಿಯುವ ಮುನ್ನ, ಗಿಡದಲ್ಲಿರುವಾಗಲೇ ಕೊಯ್ಯಿಸಿ

ಮಾನ್ಯ ಸಂಪಾದಕರೇ,

ಟೊಮೆಟೊ ಬೆಲೆ ಬಿದ್ದಾಗಲೆಲ್ಲ ಪತ್ರಿಕೆಗಳಲ್ಲಿ ಎರಡು ಚಿತ್ರ ಬರುತ್ತವೆ. ಒಂದು, ರಸ್ತೆಬದಿಗೆ ಟ್ರ್ಯಾಕ್ಟರ್‌ಗಟ್ಟಲೆ ಸುರಿದ ಹಣ್ಣು. ಇನ್ನೊಂದು, ತೋಟಕ್ಕೆ ಕುರಿ ಬಿಟ್ಟ ರೈತ. ಅದರ ಬೆನ್ನಿಗೇ ‘ಬೀದಿಗೆ ಚೆಲ್ಲುವ ಬದಲು ಇಲ್ಲದವರಿಗೆ ಕೊಡಬಾರದೇ’ ಎಂಬ ಓದುಗರ ಮಾತು. ಖಂಡಿತ ಕೊಡಬಹುದು. ಆದರೆ ರಸ್ತೆಗೆ ಸುರಿದದ್ದನ್ನಲ್ಲ. ಟ್ರ್ಯಾಕ್ಟರಿನಿಂದ ಬಿದ್ದು ಒಡೆದು, ಬಿಸಿಲಿಗೆ ಬೆಂದು, ದನ ತುಳಿದ ಹಣ್ಣು ಯಾವ ಅಡುಗೆ ಮನೆಗೂ ಯೋಗ್ಯವಲ್ಲ. ಊಟಕ್ಕೆ ಸಲ್ಲುವುದು ರೈತ ‘ಇನ್ನು ಕೊಯ್ಯಿಸುವುದಿಲ್ಲ’ ಎಂದು ಕೈಬಿಟ್ಟ ತೋಟದಲ್ಲಿ, ಇನ್ನೂ ಗಿಡದಲ್ಲೇ ಇರುವ ಹಣ್ಣು. ಅದನ್ನು ಊರಿನವರು ಸೇರಿ ಕೊಯ್ದು ಶಾಲೆ, ಅಂಗನವಾಡಿ, ಹಾಸ್ಟೆಲ್‌ಗಳಿಗೆ ಮುಟ್ಟಿಸುವ ಕೆಲಸ ಹೇಗೆ ನಡೆಯಬೇಕು, ಎಲ್ಲಿ ಕೆಡುತ್ತದೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಕ್ಷಮೆ ಇರಲಿ.

ಮೊದಲು ರೈತ ಯಾಕೆ ಬಿಡುತ್ತಾನೆ ಎಂಬುದನ್ನು ನೋಡಬೇಕು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆ ಟೊಮೆಟೊ ವ್ಯವಹಾರವೆಲ್ಲ 15 ಕೆ.ಜಿ. ಬಾಕ್ಸಿನ ಲೆಕ್ಕ. ಕೊಯ್ಲಿನ ಕೂಲಿ, ಬಾಕ್ಸ್ ಬಾಡಿಗೆ, ಗಾಡಿ ಬಾಡಿಗೆ, ಹಮಾಲಿ, ಕಮಿಷನ್ ಸೇರಿ ಒಂದು ಬಾಕ್ಸಿಗೆ ಐವತ್ತು ಅರವತ್ತು ರೂಪಾಯಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ಮಂಡಿಯಲ್ಲಿ ನಲವತ್ತಕ್ಕೆ ಕೂಗಿದರೆ ಕೊಯ್ದ ಒಂದೊಂದು ಬಾಕ್ಸಿಗೂ ರೈತ ಕೈಯಿಂದ ಹಾಕಬೇಕು. ಗೊಬ್ಬರ, ಔಷಧಿ, ಕೋಲು, ದಾರಕ್ಕೆ ಸುರಿದದ್ದು ಹೇಗೂ ಹೋಯಿತು. ಇನ್ನು ಕೊಯ್ಲಿಗೂ ಸುರಿಯುವುದೇಕೆ ಎಂದು ಬಿಡುತ್ತಾನೆ. 2023ರ ಜುಲೈನಲ್ಲಿ ಇದೇ ಕೋಲಾರದ ಮಾರುಕಟ್ಟೆಯಲ್ಲಿ ಇದೇ 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಅದನ್ನು ನೋಡಿ ನಾಟಿ ಮಾಡಿದವರು ಎಷ್ಟೋ ಮಂದಿ. ಕೇಂದ್ರ ಸರ್ಕಾರದ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆ (ಲೂಧಿಯಾನದ್ದು) 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಟೊಮೆಟೊ ನಷ್ಟ ಶೇ 12.44. ಅದು ಕೊಯ್ಲಿನಿಂದ ಈಚಿನ ಲೆಕ್ಕ. ಕೊಯ್ಯದೇ ಬಿಟ್ಟದ್ದು ಬೇರೆಯೇ.

ಇತ್ತ ತಿನ್ನುವವರ ಕಡೆ ನೋಡಿ. 2013ರ ಆಹಾರ ಭದ್ರತಾ ಕಾಯ್ದೆ ಕಾರ್ಡುದಾರರಿಗೆ ಕೊಡುವುದು ಧಾನ್ಯ, ತರಕಾರಿ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019–21) ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನವರಲ್ಲಿ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅನ್ನ, ರಾಗಿ, ಬೇಳೆಯಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಸಿ ವಿಟಮಿನ್ ನೆರವಾಗುತ್ತದೆ, ಟೊಮೆಟೊದಲ್ಲಿ ಅದು ಇದೆ. ಬಿಸಿಯೂಟದ ನಿಯಮದಲ್ಲಿ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದವರಿಗೆ 75 ಗ್ರಾಂ ತರಕಾರಿ ಎಂದಿದೆ. ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಸೌದೆ ಅಥವಾ ಗ್ಯಾಸ್ ಎಲ್ಲಕ್ಕೂ ಸೇರಿ 2025ರ ಮೇ ತಿಂಗಳಿನಿಂದ ನಿಗದಿಯಾದ ದರ ಪ್ರಾಥಮಿಕದ ಮಗುವಿಗೆ 6 ರೂಪಾಯಿ 78 ಪೈಸೆ. ಬೇಳೆ, ಗ್ಯಾಸ್ ಕಳೆದು ತರಕಾರಿಗೆ ಉಳಿಯುವುದೆಷ್ಟು ಎಂದು ಅಡುಗೆಯವರನ್ನು ಕೇಳಿ ನೋಡಿ. ಮಂಡಿಯಲ್ಲಿ ಕೆ.ಜಿ.ಗೆ ಮೂರು ರೂಪಾಯಿಗೆ ಬಿದ್ದ ದಿನವೂ ಶಾಲೆಯ ಪಕ್ಕದ ಅಂಗಡಿಯಲ್ಲಿ ಟೊಮೆಟೊ ಮೂರು ರೂಪಾಯಿಗೆ ಸಿಗುವುದಿಲ್ಲ.

ಎರಡನ್ನೂ ಜೋಡಿಸಿದರೆ ಆಯಿತಲ್ಲ ಎನಿಸುತ್ತದೆ. ಇಲ್ಲೇ ಮೊದಲ ಎಡವಟ್ಟು. ಪ್ರಮಾಣದ ಅಂದಾಜಿಲ್ಲದೆ ಹೊರಟವರು ಹಣ್ಣನ್ನು ತೋಟದಿಂದ ತಂದು ಶಾಲೆಯ ಹಿತ್ತಿಲಿನಲ್ಲಿ ಕೊಳೆಸುತ್ತಾರೆ. 150 ಮಕ್ಕಳ ಪ್ರಾಥಮಿಕ ಶಾಲೆಗೆ ದಿನಕ್ಕೆ ಬೇಕಾಗುವ ಒಟ್ಟು ತರಕಾರಿ ಏಳೂವರೆ ಕೆ.ಜಿ. ಅದರಲ್ಲಿ ಟೊಮೆಟೊ ಎರಡು ಕೆ.ಜಿ. ಇದ್ದರೆ ಹೆಚ್ಚು. ಅಂದರೆ ಒಂದು ಬಾಕ್ಸ್ ಒಂದು ಶಾಲೆಗೆ ವಾರಕ್ಕೂ ಮಿಗುತ್ತದೆ. ಇತ್ತ ಹೈಬ್ರಿಡ್ ಟೊಮೆಟೊ ಚೆನ್ನಾಗಿ ಬಂದ ಒಂದು ಎಕರೆಯಲ್ಲಿ, ಫಸಲು ಏರಿದ ಹೊತ್ತಿನಲ್ಲಿ, ಒಂದೇ ಕೊಯ್ಲಿಗೆ ನೂರು ನೂರೈವತ್ತು ಬಾಕ್ಸ್ ಇಳಿಯಬಹುದು. ಒಂದು ಎಕರೆಯ ಒಂದು ಕೊಯ್ಲನ್ನು ಕರಗಿಸಲು ನೂರು ಶಾಲೆ ಬೇಕು! ಆದ್ದರಿಂದ ಕೊಯ್ಲಿನ ಮಾತಿಗೆ ಮೊದಲು ಯಾವ ಅಡುಗೆ ಮನೆಗೆ ವಾರಕ್ಕೆ ಎಷ್ಟು ಬೇಕು ಎಂಬ ಪಟ್ಟಿ ಕೈಯಲ್ಲಿರಬೇಕು. ವಸತಿ ಶಾಲೆ, ಹಿಂದುಳಿದ ವರ್ಗಗಳ (ಬಿಸಿಎಂ) ಮತ್ತು ಸಮಾಜ ಕಲ್ಯಾಣ ಹಾಸ್ಟೆಲ್‌ಗಳು ಮೂರು ಹೊತ್ತು ಅಡುಗೆ ಮಾಡುತ್ತವೆ, ಅವಕ್ಕೆ ಹೆಚ್ಚು ಹಿಡಿಯುತ್ತದೆ. ಅಂಗನವಾಡಿಗೆ ಅರ್ಧ ಬಾಕ್ಸೂ ಜಾಸ್ತಿ. ಪಟ್ಟಿಯ ಮೊತ್ತ 40 ಬಾಕ್ಸ್ ಆದರೆ ಕೊಯ್ಯಬೇಕಾದದ್ದು 40 ಬಾಕ್ಸ್ ಮಾತ್ರ, ತೋಟದಲ್ಲಿ 400 ಇದ್ದರೂ.

ಹಾಗಾದರೆ ಮಿಕ್ಕದ್ದು? ಅದು ತೋಟದಲ್ಲೇ ಉಳಿಯುತ್ತದೆ. ಕುರಿ ಮೇಯುತ್ತದೆ, ಇಲ್ಲವೇ ರೋಟವೇಟರ್ ಹೊಡೆದು ಮಣ್ಣಿಗೆ ಸೇರುತ್ತದೆ. ಅದನ್ನು ನೋಡಿ ಕರುಳು ಹಿಂಡಿಕೊಳ್ಳಬೇಕಿಲ್ಲ. ಗೊಬ್ಬರವಾಗುವುದೂ ಒಂದು ಬಳಕೆಯೇ. ಜೊತೆಗೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು: ಹೀಗೆ ಕೊಯ್ದು ಹಂಚುವುದರಿಂದ ಬೆಲೆ ಕುಸಿತಕ್ಕೆ ಪರಿಹಾರ ಸಿಗುವುದಿಲ್ಲ. ಬೆಲೆಯ ಪ್ರಶ್ನೆಗೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ, ಸಂಸ್ಕರಣೆ, ನಾಟಿಯ ಕ್ಷೇತ್ರದ ಅಂದಾಜು ಇವೆಲ್ಲ ಬೇರೆ ಬೇಕು. 2018–19ರ ಕೇಂದ್ರ ಬಜೆಟ್‌ನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆಂದು 500 ಕೋಟಿ ರೂಪಾಯಿಯ ಆಪರೇಷನ್ ಗ್ರೀನ್ಸ್ ಘೋಷಣೆಯಾದದ್ದು ಅದಕ್ಕೇ. ಇದು ಅಷ್ಟು ದೊಡ್ಡದಲ್ಲ. ತಾಲ್ಲೂಕಿನ ಅಡುಗೆ ಮನೆಗಳಿಗೆ ಸುಗ್ಗಿಯ ಕೆಲವು ವಾರ ಒಳ್ಳೆಯ ತರಕಾರಿ ಮುಟ್ಟಿಸುವುದಷ್ಟೇ ಇದರ ಗುರಿ.

ಇನ್ನು ಕೆಲಸದ ಕ್ರಮ. ಬೆಳಗಿನ ಹರಾಜಿನ ರೇಟು ಮೊಬೈಲಿಗೆ ಬಂದ ಕೂಡಲೇ ರೈತ ನಾಳೆ ಕೊಯ್ಯಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ. ಬೇಡ ಎಂದಾದರೆ ಆ ಸುದ್ದಿ ಮಧ್ಯಾಹ್ನದೊಳಗೆ ಒಬ್ಬರಿಗೆ ಗೊತ್ತಾಗಬೇಕು. ಹಳ್ಳಿಯಲ್ಲಿ ಇದಕ್ಕೆ ಹಾಲಿನ ಡೇರಿಗಿಂತ ಒಳ್ಳೆಯ ಜಾಗವಿಲ್ಲ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ರೈತರು, ಹೆಚ್ಚಾಗಿ ಮನೆಯ ಹೆಂಗಸರು, ಅಲ್ಲಿಗೆ ಬಂದೇ ಬರುತ್ತಾರೆ. ಡೇರಿಯ ಗೋಡೆಯ ಮೇಲೆ ಒಂದು ಫೋನ್ ನಂಬರ್ ಬರೆದಿದ್ದರೆ ಸಾಕು. ಫೋನ್ ಬಂದ ದಿನವೇ ಸಂಜೆಯೊಳಗೆ ಒಬ್ಬರು ಹೋಗಿ ತೋಟ ನೋಡಿ ಬರಬೇಕು. ನೋಡದೆ ಜನ ಕರೆದುಕೊಂಡು ಹೋಗುವುದು ದೊಡ್ಡ ತಪ್ಪು. ರೈತ ಕೈಬಿಟ್ಟದ್ದು ಬೆಲೆಗೋ ರೋಗಕ್ಕೋ ಎಂಬುದು ಫೋನಿನಲ್ಲಿ ತಿಳಿಯುವುದಿಲ್ಲ. ಬಿಂಗಿ ರೋಗ ಹತ್ತಿ ಸೊರಗಿದ ತೋಟದಲ್ಲಿ ಹಣ್ಣು ಸಣ್ಣದಿದ್ದರೂ ತಿನ್ನಲು ಅಡ್ಡಿಯಿಲ್ಲ. ಅಂಗಮಾರಿ ಹತ್ತಿ ಕಂದು ಮಚ್ಚೆ ಬಿದ್ದ ಹಣ್ಣು, ಹುಳು ಕೊರೆದ ಹಣ್ಣು ಹತ್ತರಲ್ಲಿ ಮೂರು ಕಂಡರೆ ಆ ತೋಟ ಬಿಡುವುದೇ ಲೇಸು. ಆರಿಸುವ ಕೂಲಿಯೇ ಕೊಯ್ಲಿನ ಕೂಲಿಯನ್ನು ಮೀರುತ್ತದೆ.

ತೋಟ ನೋಡಲು ಹೋದವರು ಕೇಳಲೇಬೇಕಾದದ್ದು ಔಷಧಿಯ ಸಂಗತಿ. ಕೊನೆಯ ಸಿಂಪಡಣೆ ಯಾವತ್ತು, ಯಾವುದು? ಹೆಸರು ಕೇಳಿದರೆ ಸಾಲದು, ಬಾಟಲಿಯನ್ನೋ ಪೊಟ್ಟಣವನ್ನೋ ತೋರಿಸಿ ಎನ್ನಬೇಕು. ಲೇಬಲ್ ಮೇಲೆ ಬೆಳೆವಾರು ಕಾಯುವ ದಿನ ಮುದ್ರಿಸಿರುತ್ತಾರೆ. ಒಂದಕ್ಕೆ ಮೂರು ದಿನ ಇದ್ದರೆ ಇನ್ನೊಂದಕ್ಕೆ ಐದಾರು ದಿನ, ಕೆಲವಕ್ಕೆ ಅದಕ್ಕೂ ಹೆಚ್ಚು. ಎರಡು ಮೂರು ಔಷಧಿ ಬೆರೆಸಿ ಹೊಡೆಯುವ ರೂಢಿ ನಮ್ಮಲ್ಲಿ ಇರುವುದರಿಂದ, ಕೊನೆಯ ಸಿಂಪಡಣೆಯಿಂದ ಕನಿಷ್ಠ ಏಳು ದಿನ ಅಥವಾ ಲೇಬಲ್‌ನಲ್ಲಿರುವ ಅತಿ ಹೆಚ್ಚು ದಿನ, ಯಾವುದು ಹೆಚ್ಚೋ ಅಷ್ಟು ಕಾಯುವುದನ್ನು ನಿಯಮ ಮಾಡಿಕೊಳ್ಳಬೇಕು. ಬೆಲೆ ಇನ್ನೇನು ಏರುತ್ತದೆ ಎಂಬ ಆಸೆಯಲ್ಲಿ ರೈತ ಮೊನ್ನೆಯಷ್ಟೇ ಊಜಿ ಕೀಟಕ್ಕೆ ಔಷಧಿ ಹೊಡೆದು, ನಿನ್ನೆಯ ರೇಟು ನೋಡಿ ಇಂದು ಕೈಬಿಟ್ಟಿರುವುದು ತೀರ ಸಾಮಾನ್ಯ. ಅಂಥ ತೋಟ ನೋಡಲು ಎಷ್ಟೇ ಚೆನ್ನಾಗಿದ್ದರೂ ಮಕ್ಕಳ ತಟ್ಟೆಗೆ ಬೇಡ. ತೊಳೆದರೆ ಹೋಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಮೇಲೆ ಕುಳಿತದ್ದು ಒಂದಷ್ಟು ಹೋದೀತು, ಗಿಡದ ಒಳಗೆ ಹೀರಿಕೊಳ್ಳುವ ಔಷಧಿ ನೀರಿಗೆ ಹೋಗುವುದಿಲ್ಲ. ರೈತನಿಗೆ ತಾರೀಕು ನೆನಪಿಲ್ಲ ಎಂದರೆ ನಮಸ್ಕಾರ ಹೇಳಿ ಬರುವುದು.

ಒಪ್ಪಿಗೆ ಯಾರದು ಎಂಬುದೂ ಸಲೀಸಾದ ಪ್ರಶ್ನೆಯಲ್ಲ. ಜಮೀನು ಒಬ್ಬರದು, ಗುತ್ತಿಗೆಗೆ ಬೆಳೆದವರು ಇನ್ನೊಬ್ಬರು, ಮುಂಗಡ ಕೊಟ್ಟ ಮಂಡಿಯವರು ಮತ್ತೊಬ್ಬರು. ಬೆಳೆ ಯಾರದೋ ಅವರ ಒಪ್ಪಿಗೆ ಬೇಕು. ಮುಂಗಡ ಇದ್ದರೆ ಮಂಡಿಯವರಿಗೂ ತಿಳಿಸಿರಬೇಕು. ಇಲ್ಲದಿದ್ದರೆ ಬಾಕ್ಸ್ ತುಂಬಿದ ಗಾಡಿಯನ್ನು ದಾರಿಯಲ್ಲೇ ತಡೆಯುತ್ತಾರೆ. ಯಾವ ಸಾಲಿನಿಂದ ಯಾವ ಸಾಲಿನವರೆಗೆ, ಯಾವ ದಿನ, ಎಷ್ಟು ಬಾಕ್ಸ್ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಮುಂದಿನ ಜಗಳ ತಪ್ಪುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ, ಅದು ಬಹಳ ಮಂದಿಗೆ ಹೊಳೆಯುವುದಿಲ್ಲ. ಮಳೆ, ಆಲಿಕಲ್ಲಿಗೆ ಬೆಳೆ ಕೆಟ್ಟಿದ್ದರೆ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಶೇ 33ಕ್ಕಿಂತ ಕಡಿಮೆ ಇಲ್ಲದ ನಷ್ಟಕ್ಕೆ ಪರಿಹಾರ ಸಿಗುತ್ತದೆ. ಅದಕ್ಕೆ ಕಂದಾಯ ಮತ್ತು ತೋಟಗಾರಿಕೆಯವರು ಬಂದು ಜಂಟಿ ಸಮೀಕ್ಷೆ ಮಾಡಬೇಕು. ಸಮೀಕ್ಷೆಗೆ ಮೊದಲು ನಾವು ಹೋಗಿ ಉಳಿದ ಹಣ್ಣು ಕೊಯ್ದರೆ, ‘ಕೊಯ್ಲು ಆಗಿದೆಯಲ್ಲ’ ಎಂದು ಬರೆದುಬಿಡುತ್ತಾರೆ. ಉಪಕಾರ ಮಾಡಲು ಹೋಗಿ ರೈತನ ಹೊಟ್ಟೆಯ ಮೇಲೆ ಹೊಡೆದಂತೆ. ಸಮೀಕ್ಷೆ ಬಾಕಿ ಇರುವ ತೋಟದಲ್ಲಿ ಒಂದು ಹಣ್ಣನ್ನೂ ಮುಟ್ಟಬಾರದು. ಕಾಯಲು ಆಗುವುದಿಲ್ಲ ಎಂದಾದರೆ ಬೇರೆ ತೋಟ ಹುಡುಕಬೇಕು.

ಕೊಯ್ಲಿನ ದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ ಹತ್ತು ಗಂಟೆಯೊಳಗೆ ಮುಗಿಸಬೇಕು. ಒದ್ದೆ ಹಣ್ಣನ್ನು ಬಾಕ್ಸಿಗೆ ತುಂಬಿದರೆ ಮಾರನೆಯ ದಿನಕ್ಕೆ ಬೂಷ್ಟು. ಬಿಸಿಲೇರಿದ ಮೇಲೆ ಕೊಯ್ದ ಹಣ್ಣು ಮುಟ್ಟಿದರೆ ಬೆಚ್ಚಗಿರುತ್ತದೆ, ಆ ಬಿಸಿ ಬಾಕ್ಸಿನ ನಡುವೆ ಸಂಜೆಯಾದರೂ ಇಳಿಯುವುದಿಲ್ಲ. ಕೈ ಪಳಗಿದ ಹೆಂಗಸು ಗಂಟೆಗೆ ಎರಡು ಮೂರು ಬಾಕ್ಸ್ ಕೊಯ್ಯಬಲ್ಲಳು. ಹೊಸಬರಿಗೆ ಒಂದು ಬಾಕ್ಸ್ ಆದರೆ ಹೆಚ್ಚು, ಅದರಲ್ಲೂ ಅರ್ಧ ತೊಟ್ಟಿನ ಸಮೇತ, ಕಾಲು ಭಾಗ ಕಾಯಿ. ಕಾಲೇಜು ಹುಡುಗರ ಎನ್‌ಎಸ್‌ಎಸ್ ತಂಡ ಕರೆದರೆ ಉತ್ಸಾಹಕ್ಕೆ ಕೊರತೆಯಿಲ್ಲ, ಆದರೆ ಸಾಲಿನ ನಡುವೆ ದಾರ ಎಳೆದು, ಕೋಲು ಬೀಳಿಸಿ, ಇನ್ನೂ ಎರಡು ಕೊಯ್ಲು ಬಾಕಿ ಇರುವ ಗಿಡಗಳನ್ನು ಮುರಿದು ಬರುತ್ತಾರೆ. ಐದು ಮಂದಿ ಹೊಸಬರಿಗೆ ಕೊಯ್ಲು ಗೊತ್ತಿರುವ ಒಬ್ಬರು ಮುಂದಾಳಾಗಿ ಇರಬೇಕು, ಮತ್ತು ಆ ಮುಂದಾಳಿಗೆ ಕೂಲಿ ಕೊಡಬೇಕು. ದಿನದ ಕೂಲಿ ನಂಬಿ ಬದುಕುವವರಿಂದ ಪುಕ್ಕಟೆ ಕೆಲಸ ಮಾಡಿಸಿ ಅದಕ್ಕೆ ಸೇವೆ ಎಂದು ಹೆಸರಿಡುವುದು ಸರಿಯಲ್ಲ.

ಹಣ್ಣನ್ನು ಎಳೆಯಬಾರದು. ಹೆಬ್ಬೆರಳನ್ನು ತೊಟ್ಟಿನ ಗಿಣ್ಣಿಗೆ ಒತ್ತಿ ತುಸು ತಿರುಚಿದರೆ ಕೈಗೆ ಬರುತ್ತದೆ. ತೊಟ್ಟು ಉಳಿದಿದ್ದರೆ ಅಲ್ಲೇ ಚಿವುಟಿ ತೆಗೆಯಬೇಕು, ಒಣಗಿದ ತೊಟ್ಟು ಗಾಡಿಯ ಕುಲುಕಾಟಕ್ಕೆ ಪಕ್ಕದ ಹಣ್ಣನ್ನು ಚುಚ್ಚುತ್ತದೆ, ಚುಚ್ಚಿದ ಒಂದು ಹಣ್ಣಿನ ರಸ ಕೆಳಗಿನ ಹತ್ತನ್ನು ಕೆಡಿಸುತ್ತದೆ. ಅಂದೇ ಅಡುಗೆಗೆ ಹೋಗುವುದಾದರೆ ಪೂರ್ತಿ ಕೆಂಪು, ವಾರದ ಬಳಕೆಗಾದರೆ ಬಣ್ಣ ತಿರುಗಿದ ಅರೆಗೆಂಪು. ಇವೆರಡನ್ನೂ ಒಂದೇ ಬಾಕ್ಸಿಗೆ ಬೆರೆಸಬೇಡಿ. ಬಾಕ್ಸಿನ ಅಂಚಿಗೆ ಎರಡು ಬೆರಳು ಕೆಳಗೆ ನಿಲ್ಲಿಸಬೇಕು. ಅಂಚಿಗೆ ಮೀರಿ ಗೋಪುರ ಕಟ್ಟಿದರೆ ಮೇಲಿನ ಬಾಕ್ಸಿನ ಭಾರವನ್ನು ಪ್ಲಾಸ್ಟಿಕ್ ಹೊರುವುದಿಲ್ಲ, ಹಣ್ಣು ಹೊರುತ್ತದೆ.

ಆರಿಸುವುದನ್ನು ತೋಟದ ಬದುವಿನಲ್ಲೇ, ಮರದ ನೆರಳಿನಲ್ಲೇ ಮುಗಿಸಿಕೊಂಡು ಬರಬೇಕು. ಶಾಲೆಗೆ ಹೋದ ಮೇಲೆ ಆರಿಸಿದರೆ ಕೊಳೆತದ್ದನ್ನು ಎಸೆಯುವ ಕಷ್ಟ ಅಡುಗೆಯವರ ತಲೆಗೆ. ಗಟ್ಟಿ ಹಣ್ಣು ಒಂದು ಕಡೆ. ಬಿರುಕು ಬಿಟ್ಟರೂ ಬಿರುಕು ಒಣಗಿ ಕೂಡಿಕೊಂಡದ್ದು ಇನ್ನೊಂದು ಕಡೆ, ಅದು ಅಂದಿನ ಸಾರಿಗೆ. ರಸ ಸೋರುವುದು, ಬೂಷ್ಟು ಕಂಡದ್ದು, ತೂತಿನ ಬಾಯಲ್ಲಿ ಹಿಕ್ಕೆ ಕಂಡದ್ದು ಅಲ್ಲೇ ಉಳಿಯಲಿ. ಹಣ್ಣನ್ನು ತೊಳೆದು ಕಳಿಸಬಾರದು, ಬಳಸುವ ಮುಂಚೆ ತೊಳೆದರಾಯಿತು. ತೊಳೆಯಬೇಕಾದದ್ದು ಬಾಕ್ಸನ್ನು: 20 ಲೀಟರ್ ನೀರಿಗೆ ಎರಡು ಟೀ ಚಮಚ ಬ್ಲೀಚಿಂಗ್ ಪುಡಿ ಕದಡಿ, ತಿಳಿ ನೀರಿನಲ್ಲಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿ ಒಣಗಿಸಬೇಕು. ಮಂಡಿಯಿಂದ ತಂದ ಬಾಕ್ಸಿನ ಮೂಲೆಯಲ್ಲಿ ಹಳೆಯ ಹಣ್ಣಿನ ಸಿಪ್ಪೆ ಅಂಟಿಕೊಂಡೇ ಇರುತ್ತದೆ, ಕೊಳೆ ಶುರುವಾಗುವುದು ಅಲ್ಲಿಂದ.

ಟಾಟಾ ಏಸ್ ಗಾಡಿಗೆ 45 ಬಾಕ್ಸ್ ಹಿಡಿಯುತ್ತದೆ. ಈ 45ನ್ನು 45 ಶಾಲೆಗೆ ಇಳಿಸುತ್ತ ಹೋದರೆ ಡೀಸೆಲ್‌ಗೇ ಹಣ ಮುಗಿಯುತ್ತದೆ, ಮಧ್ಯಾಹ್ನವೂ ಕಳೆಯುತ್ತದೆ. ಐದಾರು ಕಡೆ ಇಳಿಸಿ ಸುತ್ತಲಿನ ಶಾಲೆಯವರು ಅಲ್ಲಿಂದ ಒಯ್ಯುವಂತೆ ಮಾಡಿದರೆ ನಡೆಯುತ್ತದೆ. ಕ್ಲಸ್ಟರ್ ಕೇಂದ್ರದ ಶಾಲೆ ಅಥವಾ ಪಂಚಾಯಿತಿ ಕಚೇರಿ ಆಗಬಹುದು. ಅಡುಗೆಯವರು ಒಲೆ ಹಚ್ಚುವುದು ಬೆಳಿಗ್ಗೆ ಒಂಬತ್ತೂವರೆಗೆ. ಆದ್ದರಿಂದ ಇಂದು ಕೊಯ್ದದ್ದು ನಾಳೆಯ ಅಡುಗೆಗೆ ಎಂದೇ ಲೆಕ್ಕ ಇಡಬೇಕು. ಶುಕ್ರವಾರ, ಶನಿವಾರ ಶಾಲೆಗೆಂದು ಕೊಯ್ಯಬೇಡಿ. ಭಾನುವಾರ ಮುಚ್ಚಿದ ಕೋಣೆಯಲ್ಲಿ ಕೂತ ಹಣ್ಣು ಸೋಮವಾರಕ್ಕೆ ಮುಖ ತೋರಿಸುವಂತಿರುವುದಿಲ್ಲ. ವಾರದ ಕೊನೆಯ ಕೊಯ್ಲು ಹಾಸ್ಟೆಲ್‌ಗಳಿಗೆ ಹೋಗಲಿ.

ಮುಖ್ಯ ಶಿಕ್ಷಕರ ಭಯವನ್ನೂ ಅರ್ಥ ಮಾಡಿಕೊಳ್ಳಬೇಕು. ಪುಕ್ಕಟೆ ಬಂದ ತರಕಾರಿಯನ್ನು ದಾಸ್ತಾನು ಪುಸ್ತಕದಲ್ಲಿ ಹೇಗೆ ಬರೆಯುವುದು, ಆ ದಿನದ ತರಕಾರಿ ಬಿಲ್ಲಿಗೆ ಏನು ಮಾಡುವುದು, ನಾಳೆ ಆಡಿಟ್‌ನವರು ಕೇಳಿದರೆ ಯಾರು ಹೊಣೆ? ಬಿಸಿಯೂಟದ ಮಾರ್ಗಸೂಚಿಯಲ್ಲಿ ‘ತಿಥಿ ಭೋಜನ’ ಎಂಬ ಹೆಸರಿನಲ್ಲಿ ಸಮುದಾಯದ ಕೊಡುಗೆಗೆ ಅವಕಾಶ ಇದ್ದೇ ಇದೆ. ಪ್ರತಿ ಸಲವೂ ತೂಕ, ದಿನಾಂಕ, ಯಾವ ಊರಿನ ತೋಟ ಎಂಬಷ್ಟು ಬರೆದ ಕೊಡುಗೆ ಚೀಟಿಯ ಎರಡು ಪ್ರತಿ ಮಾಡಿ ಒಂದನ್ನು ಶಾಲೆಗೆ ಕೊಟ್ಟರೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಅದನ್ನು ದಾಖಲಿಸಿದರೆ, ಅರ್ಧ ಭಯ ಹೋಗುತ್ತದೆ. ಹಾಗೆ ಉಳಿದ ತರಕಾರಿ ಹಣದಲ್ಲಿ ಸೊಪ್ಪು, ಬೇಳೆ ಕೊಂಡು ಅದೇ ವಾರ ಹಾಕಲು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಒಂದು ಸುತ್ತೋಲೆ ಬಂದರೆ ಮಿಕ್ಕರ್ಧವೂ ಹೋದೀತು.

ರೈತರಿಗೂ ಒಂದು ಅಂಜಿಕೆ ಇದೆ: ಮಕ್ಕಳಿಗೆ ಏನಾದರೂ ಆದರೆ ನನ್ನ ಮೇಲೆ ಕೇಸ್ ಆಗುತ್ತದೆಯೇ? 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 18(3)ನೇ ಕಲಂ, ರೈತ ತನ್ನ ಜಮೀನಿನ ಮಟ್ಟದಲ್ಲಿ ಬೆಳೆದ ಬೆಳೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ. ಆದರೆ ಅಲ್ಲಿಂದ ಎತ್ತಿ ಹಂಚುವವರಿಗೆ ಹೊಣೆ ಇದೆ. ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಗೆಂದೇ 2019ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರತ್ಯೇಕ ನಿಯಮಾವಳಿ ತಂದಿದೆ. ಕೊಯ್ದು ಹಂಚುವ ಗುಂಪು ಅದನ್ನು ಓದಿಕೊಂಡು, ಯಾವ ತೋಟದ ಬಾಕ್ಸ್ ಯಾವ ಶಾಲೆಗೆ ಹೋಯಿತು ಎಂಬ ವಹಿ ಇಡಬೇಕು. ಅಮೆರಿಕದಲ್ಲಿ 1996ರ ಒಂದು ಫೆಡರಲ್ ಕಾಯ್ದೆ ಒಳ್ಳೆಯ ಉದ್ದೇಶದಿಂದ ಆಹಾರ ದಾನ ಮಾಡಿದವರಿಗೂ ಹೊಲದಲ್ಲಿ ಉಳಿದದ್ದನ್ನು ಆಯ್ದು ಹಂಚುವವರಿಗೂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಅಲ್ಲಿ ಚರ್ಚ್‌ಗಳ ಸುತ್ತ ಬೆಳೆದ ದೊಡ್ಡ ಹಕ್ಕಲು ತಂಡಗಳಿಗೆ ಅದು ಬೆನ್ನೆಲುಬು.

ರೈತನಿಗೆ ಹಣ ಕೊಡಬೇಕೇ? ನಮ್ಮಲ್ಲೇ ಈ ಬಗ್ಗೆ ಎರಡು ಮಾತಿದೆ. ಹಣ್ಣಿಗೆ ಬೆಲೆ ಕಟ್ಟಿದರೆ ಅದು ಇನ್ನೊಂದು ಮಂಡಿಯಾಗುತ್ತದೆ, ಕೊಡದಿದ್ದರೆ ಮುಂದಿನ ವರ್ಷ ಯಾರೂ ಫೋನ್ ಮಾಡುವುದಿಲ್ಲ. ನಡುವಿನ ದಾರಿಯೊಂದಿದೆ. ಕೈಬಿಟ್ಟ ಟೊಮೆಟೊ ತೋಟದಲ್ಲಿ ರೈತನಿಗೆ ಉಳಿದಿರುವ ದೊಡ್ಡ ಖರ್ಚು ಎಂದರೆ ದಾರ ಬಿಚ್ಚಿ, ಕೋಲು ಕಿತ್ತು, ಮಲ್ಚಿಂಗ್ ಹಾಳೆ ಎತ್ತುವುದು. ಕೋಲು ಮುಂದಿನ ಬೆಳೆಗೆ ಬೇಕು, ಪ್ಲಾಸ್ಟಿಕ್ ದಾರ ಮಣ್ಣಿಗೆ ಸೇರಿದರೆ ರೋಟವೇಟರ್ ಹಲ್ಲಿಗೆ ಸುತ್ತಿಕೊಳ್ಳುತ್ತದೆ. ಕೊನೆಯ ಕೊಯ್ಲು ಮಾಡಿದ ತಂಡ ತಾನು ಕೊಯ್ದ ಸಾಲುಗಳ ದಾರವನ್ನು ಸುತ್ತಿ, ಕೋಲನ್ನು ಐವತ್ತೈವತ್ತರಂತೆ ಕಂತೆ ಕಟ್ಟಿ ಬದುವಿಗೆ ಒರಗಿಸಿ ಬಂದರೆ, ರೈತನ ಎರಡು ಮೂರು ಆಳಿನ ಕೂಲಿ ಉಳಿಯಿತು. ಹೊಸಬರ ಕೈಗೆ ಕೊಯ್ಲಿಗಿಂತ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ ಕೂಡ.

ಟೊಮೆಟೊ ಬಿಟ್ಟು ಬೇರೆ ಬೆಳೆಯೂ ಪಟ್ಟಿಯಲ್ಲಿರಬೇಕು. ಎಲೆಕೋಸು ಎಲ್ಲಕ್ಕಿಂತ ಸುಲಭ. ಹೊರಗಿನ ಎರಡು ಮೂರು ಎಲೆ ಬಿಟ್ಟು ಕತ್ತರಿಸಿದರೆ ನೆರಳಿನಲ್ಲಿ ಮೂರು ನಾಲ್ಕು ದಿನ ತಡೆಯುತ್ತದೆ, ಚೀಲದಲ್ಲೇ ಒಯ್ಯಬಹುದು. ಕ್ಯಾರೆಟ್, ಬೀಟ್‌ರೂಟ್ ಕೀಳಲು ಹಿಂದಿನ ದಿನ ನೀರು ಹಾಯಿಸಿರಬೇಕು. ಹಾಸನದ ಕಡೆ ಆಲೂಗಡ್ಡೆ ಕಿತ್ತ ಹೊಲದಲ್ಲಿ ಮಣ್ಣಿನಡಿ ಉಳಿಯುವುದು ಸಣ್ಣ ಗಡ್ಡೆ ಮತ್ತು ನೇಗಿಲು ತಾಗಿ ಹೋಳಾದದ್ದು. ಹೋಳನ್ನು ಅಂದೇ ಬೇಯಿಸಬೇಕು, ಬಿಸಿಲು ತಾಗಿ ಹಸಿರಾದದ್ದನ್ನು ಬಿಡಬೇಕು, ಅದು ವಿಷ. ಕಡಲೆಕಾಯಿ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಚಳ್ಳಕೆರೆ, ಪಾವಗಡದ ಕಡೆ ಗಿಡ ಕಿತ್ತ ಮೇಲೆ ಮಳೆ ಬಿದ್ದು, ವಾರಗಟ್ಟಲೆ ತೇವದ ಮಣ್ಣಿನಲ್ಲಿ ಉಳಿದ ಕಾಯಿಗೆ ಶಿಲೀಂಧ್ರ ಹತ್ತಿ ಅಫ್ಲಾಟಾಕ್ಸಿನ್ ಸೇರಿಕೊಳ್ಳುತ್ತದೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಸುಕ್ಕಿದ, ಬಣ್ಣಗೆಟ್ಟ, ಮುಗ್ಗಲು ವಾಸನೆಯ ಬೀಜ ಶಾಲೆಗೂ ಬೇಡ, ದನಕ್ಕೂ ಬೇಡ.

ಕಡಲೆಕಾಯಿ ಹೊಲದ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ಕಿತ್ತ ಹೊಲದಲ್ಲಿ ಹಕ್ಕಲು ಆಯುವುದು, ರಾಗಿ ಕೊಯ್ದ ಮೇಲೆ ಬಿದ್ದ ತೆನೆ ಹೆಕ್ಕುವುದು ಊರಿನ ಕೂಲಿ ಹೆಂಗಸರಿಗೆ ಹಿಂದಿನಿಂದ ಬಂದ ಪಾಲು. ಯಾರೂ ಬರೆದುಕೊಟ್ಟಿಲ್ಲ, ಯಾರೂ ಬೇಡ ಎಂದೂ ಇಲ್ಲ. ಬ್ಯಾನರ್ ಹಿಡಿದು ಬರುವ ತಂಡ ಅದನ್ನು ಕಸಿಯುವಂತಾಗಬಾರದು. ಕಡಲೆಕಾಯಿ, ರಾಗಿ, ಈರುಳ್ಳಿಯಂಥ ಕಾಪಿಡಬಹುದಾದ ಬೆಳೆಯ ಹಕ್ಕಲು ಅವರಿಗೇ ಇರಲಿ. ಕೆಲವೇ ದಿನದಲ್ಲಿ ಕೆಡುವ ತರಕಾರಿಗೆ ಮಾತ್ರ ತಂಡ ಕೈ ಹಾಕಲಿ, ಅಲ್ಲೂ ಮೊದಲ ಬಾಕ್ಸ್ ಆ ಊರಿನ ಕೂಲಿಯವರ ಮನೆಗೆ ಹೋಗಲಿ. ಹಾಗೆಯೇ ಹೀಗೆ ಬಂದ ಒಂದು ಕೆ.ಜಿ.ಯೂ ಸಂತೆಗೆ ಹೋಗಿ ಮಾರಾಟವಾಗಬಾರದು. ಒಮ್ಮೆ ಹಾಗಾದರೆ ತಳ್ಳುಗಾಡಿಯವರೂ ರೈತರೂ ಇಬ್ಬರೂ ತಿರುಗಿ ಬೀಳುತ್ತಾರೆ, ಬೀಳಲೂ ಬೇಕು.

ಒಣಗಿಸಿ ಇಡಬಹುದಲ್ಲ ಎಂದು ಕೇಳುವವರಿದ್ದಾರೆ. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತನಾಲ್ಕರಷ್ಟು ನೀರು. ಹದಿನೆಂಟು ಇಪ್ಪತ್ತು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಒಣ ಹೋಳು ಸಿಗುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಎರಡು ಮೂರು ದಿನಕ್ಕೆ ಒಣಗುವುದು, ಜುಲೈ ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಬೂಷ್ಟು ಹಿಡಿದು ಹೋಗುತ್ತದೆ. ಆ ಕಾಲಕ್ಕೆ ಗಟ್ಟಿ ರಸ ಮಾಡುವುದೇ ವಾಸಿ: ಬೇಯಿಸಿ, ಸೋಸಿ, ಮೂರನೇ ಒಂದು ಭಾಗಕ್ಕೆ ಇಳಿಸಿ, ಲೀಟರಿಗೆ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲ ಹಾಕಿ, ಕುದಿಸಿದ ಗಾಜಿನ ಬಾಟಲಿಗೆ ಬಿಸಿ ಇರುವಾಗಲೇ ತುಂಬಿ, ಮುಚ್ಚಿದ ಬಾಟಲಿಯನ್ನು ಮತ್ತೆ ಕುದಿಯುವ ನೀರಿನಲ್ಲಿ ಮುಳುಗಿಸಿ ಮುಕ್ಕಾಲು ಗಂಟೆ ಇಡಬೇಕು. ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡಬಾರದು, ಹುಳಿಗೆ ಲೋಹ ಬಿಡುತ್ತದೆ. ಆದರೆ ಗ್ಯಾಸಿನ ಖರ್ಚು, ಬಾಟಲಿ, ಒಂದು ದಿನದ ಆಳು ನೋಡಿದರೆ ಇದು ಸ್ವಸಹಾಯ ಸಂಘವೊಂದು ಕಸುಬಾಗಿ ಮಾಡಬೇಕಾದ ಕೆಲಸ, ಶಾಲೆಯ ಅಡುಗೆಯವರ ಮೇಲೆ ಹೇರುವಂಥದ್ದಲ್ಲ.

ಜಿಲ್ಲಾಡಳಿತದಿಂದ ಬೇಕಾಗಿರುವುದು ದೊಡ್ಡ ಯೋಜನೆಯಲ್ಲ. ಬಾಕ್ಸಿಗೆ ಕೊಯ್ಲಿನ ಕೂಲಿ 20, ಸಾಗಣೆ 20, ಬಾಕ್ಸ್ ತೊಳೆಯುವುದು ಇತ್ಯಾದಿಗೆ 5 ಎಂದು ಹಿಡಿದರೆ 45 ರೂಪಾಯಿ, ಅಂದರೆ ಕೆ.ಜಿ.ಗೆ ಮೂರು ರೂಪಾಯಿ. ವಾರಕ್ಕೆ 100 ಬಾಕ್ಸಿನಂತೆ ಎಂಟು ವಾರಕ್ಕೆ ಒಂದು ತಾಲ್ಲೂಕಿಗೆ 36 ಸಾವಿರ ರೂಪಾಯಿ. ಈ ಹಣ ಬೆಲೆ ಬಿದ್ದ ಮೇಲೆ ಮಂಜೂರಾದರೆ ಉಪಯೋಗವಿಲ್ಲ. ಕಡತ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ತೋಟ ಉಳುಮೆಯಾಗಿರುತ್ತದೆ. ಏಪ್ರಿಲ್‌ನಲ್ಲೇ ತಾಲ್ಲೂಕು ಪಂಚಾಯಿತಿಯ ಕೈಯಲ್ಲಿ ಇರಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಬ್ಬರ ಹೆಸರು, ಒಂದು ಫೋನ್, ಅಡುಗೆ ಮನೆಗಳ ಪಟ್ಟಿ, 60 ಖಾಲಿ ಬಾಕ್ಸ್ ಇರಲಿ.

ಬಾಕ್ಸಿನ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಕೆಲಸ ನಿಲ್ಲುವುದು ಮಾತ್ರ ಅದರಿಂದಲೇ. ಶಾಲೆಗೆ ಹೋದ ಬಾಕ್ಸ್ ಚೆಂಡು, ಹಗ್ಗ, ಹಳೆಯ ಪುಸ್ತಕ ತುಂಬಿಕೊಂಡು ಅಲ್ಲೇ ಉಳಿಯುತ್ತದೆ. ಮೂರನೇ ಕೊಯ್ಲಿನ ಹೊತ್ತಿಗೆ ತೋಟದಲ್ಲಿ ಹಣ್ಣಿದೆ, ಜನ ಇದ್ದಾರೆ, ತುಂಬಲು ಬಾಕ್ಸ್ ಇಲ್ಲ. ಆದ್ದರಿಂದ ಬಾಕ್ಸಿಗೆ ನಂಬರ್ ಬರೆದು, ಕೊಡುಗೆ ಚೀಟಿಯಲ್ಲಿ ಆ ನಂಬರ್ ಹಾಕಿ, ಖಾಲಿ ಬಾಕ್ಸ್ ಕೊಟ್ಟವರಿಗಷ್ಟೇ ತುಂಬಿದ ಬಾಕ್ಸ್ ಕೊಡುವ ಕಟ್ಟುನಿಟ್ಟು ಮೊದಲ ದಿನದಿಂದಲೇ ಇರಬೇಕು.

ಇಂತಿ,
ಕೋಲಾರ ಜಿಲ್ಲೆಯ ಕೆಲವು ತರಕಾರಿ ಬೆಳೆಗಾರರು ಮತ್ತು ಎಸ್‌ಡಿಎಂಸಿ ಸದಸ್ಯರು